ಹುಬ್ಬಳ್ಳಿಗೆ ಬಂದು ನಿಲ್ಲುತ್ತಿದ್ದ ಹಸಿರು ಪಟ್ಟಿ

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದ್ದರ ಫಲವೋ ಏನೋ, ಯಾರೇನು ಹೇಳಿದರೂ ‘ಇದಕ್ಕೆ ಆಧಾರವೇನು?’ ಎಂದು ಕೇಳುವ ಚಟ ಅಂಟಿತು. ಬಹಳ ವರ್ಷ ಅದನ್ನು ಬೇರೆಯವರ ಮೇಲೆ ಪ್ರಯೋಗಿಸಿದೆ. ಐವತ್ತು ದಾಟಿದ ಮೇಲೆ ಅದು ನನ್ನ ಮೇಲೆಯೇ ತಿರುಗಿತು. ಬೈರಿದೇವರಕೊಪ್ಪದ ಈಗಿನ ಮನೆಗೆ ನಾವು ಬಂದದ್ದು ಸುರಿಯುವ ಮಳೆಯಲ್ಲಿ ಎಂದು ಹೆಂಡತಿ ಹೇಳುತ್ತಾಳೆ. ನನಗೆ ಬಿಸಿಲು ನೆನಪಿದೆ, ಕಬ್ಬಿಣದ ಕಪಾಟು ಮುಟ್ಟಿದರೆ ಕೈ ಸುಡುತ್ತಿತ್ತು. ನಿರ್ಣಯ ಬೇಕೆಂದರೆ ಸಾಮಾನು ತಂದ ಟೆಂಪೋದವನನ್ನೇ ಹುಡುಕಬೇಕು. ಅಷ್ಟು ತ್ರಾಣ ಇಬ್ಬರಿಗೂ ಇಲ್ಲ.

ಆದ್ದರಿಂದ ಮುಂದೆ ಬರೆಯುವುದನ್ನೂ ಒಂದಿಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ನಾಲ್ಕಾರು ಕಡೆ ಪಾಠ ಹೇಳಿ, ಎಲ್ಲಿಯೂ ನೆಲೆ ನಿಲ್ಲದೆ, ಕೊನೆಗೆ ಹುಬ್ಬಳ್ಳಿಯ ಒಂದು ಸಗಟು ಅಂಗಡಿಯ ಕಚೇರಿಗೆ ಬಂದು ಸೇರಿದೆ. ನೀರೆತ್ತುವ ಪಂಪುಗಳ ಬಿಡಿಭಾಗಗಳ ವ್ಯಾಪಾರ. ಸುತ್ತಲಿನ ಊರುಗಳ ಚಿಲ್ಲರೆ ಅಂಗಡಿಗಳಿಗೆಲ್ಲ ಇಲ್ಲಿಂದಲೇ ಮಾಲು ಹೋಗುತ್ತಿತ್ತು. ಕಂಪನಿಗಳು ದರ ಬದಲಿಸಿದ್ದು ಮಧ್ಯಾಹ್ನ ತಿಳಿಯುತ್ತಿತ್ತು, ಗೋದಾಮಿನ ಲೆಕ್ಕ ಸಂಜೆ ಮುಗಿಯುತ್ತಿತ್ತು. ಆಮೇಲೆ ಪ್ರತಿ ಅಂಗಡಿಗೂ ಬೇರೆ ಬೇರೆ ರೇಟ್ ಲಿಸ್ಟ್ ತಯಾರಾಗಬೇಕು. ಅದನ್ನು ಮಾಡುತ್ತಿದ್ದವರು ಮುಗದದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಯಾವ ಅಂಗಡಿಗೆ ಎಷ್ಟು ರಿಯಾಯಿತಿ ಎಂಬುದು ಅವರಿಗೇ ಗೊತ್ತು, ಹಾಗಾಗಿ ಲಿಸ್ಟ್ ತಾಳೆ ನೋಡಿ ಕಳಿಸದೆ ಅವರು ಎದ್ದು ಹೋಗುವಂತಿರಲಿಲ್ಲ. ಎಲ್ಲರೂ ಅವರನ್ನು ಅಕ್ಕಾರ ಎನ್ನುತ್ತಿದ್ದರು. ನನಗಿಂತ ಚಿಕ್ಕವರಾದರೂ ನಾನೂ ಹಾಗೇ ಕರೆಯುತ್ತಿದ್ದೆ.

ಅಕ್ಕಾರ ಧಾರವಾಡಕ್ಕೆ ಹೋಗಿ, ಅಲ್ಲಿಂದ ಮುಗದದ ಸಂಜೆ ಬಸ್ಸು ಹಿಡಿಯಬೇಕಿತ್ತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ. ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ ಹಾಕಬೇಕು, ಮಗಳ ಹೊರತು ಯಾರಿಗೂ ಆ ಮುದುಕಿ ತೋಳು ಕೊಡುತ್ತಿರಲಿಲ್ಲ. ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ.

ನಾನು ಆ ಕೆಲಸಕ್ಕೊಂದು ಮ್ಯಾಕ್ರೋ ಬರೆದೆ. ಮ್ಯಾಕ್ರೋ ಎಂದರೆ ಕೈಯಿಂದ ಮಾಡುವುದನ್ನು ಎಕ್ಸೆಲ್ ಹಾಳೆಗೆ ಒಮ್ಮೆ ಕಲಿಸಿಡುವುದು. ಗುಂಡಿ ಒತ್ತಿದರೆ ಆಮೇಲೆ ಅದೇ ಮಾಡಿಕೊಂಡು ಹೋಗುತ್ತದೆ. ಒಂದು ತಾಸಿನ ಕೆಲಸ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ತೊಂದರೆಯೆಂದರೆ ಅಷ್ಟು ಹೊತ್ತು ಪರದೆ ಬಿಳಿಚಿಕೊಂಡು ನಿಂತುಬಿಡುತ್ತಿತ್ತು, ಮತ್ತು ನಮ್ಮ ಸಾಹುಕಾರರು ಚಹಾ ಕುಡಿಯುತ್ತಿರಲಿಲ್ಲ.

“ಏನ್ರಿ ಮಾಸ್ತರ, ನಿಮ್ಮ ಮಷೀನ್ ಸತ್ತೈತಿ!”

“ಸತ್ತಿಲ್ಲರಿ, ಒಳಗ ಕೆಲಸ ನಡದೈತಿ.”

“ನಡದದ್ದು ಕಾಣಬೇಕಲ್ಲೋ ಮಾರಾಯಾ. ಗಿರಣ್ಯಾಗ ಹಿಟ್ಟು ಬೀಳೂದು ಕಾಣ್ತೈತಿ. ಇಲ್ಲೇನ್ ಕಾಣ್ತೈತಿ? ಸುಣ್ಣಾ ಹಚ್ಚಿದ ಗ್ವಾಡಿ.” ಎನ್ನುತ್ತ ಅವರ ಕೈ ಗೋಡೆಯ ಸ್ವಿಚ್ಚಿನತ್ತ ಹೋಗುತ್ತಿತ್ತು.

“ಸಾವ್ಕಾರ್ರ, ಮುಟ್ಟಬ್ಯಾಡ್ರಿ!” ಅಕ್ಕಾರ ಎದ್ದು ನಿಲ್ಲುತ್ತಿದ್ದರು.

“ಮುಟ್ಟಿದ್ರ ಏನಾಕ್ಕೈತಿ ತಂಗಿ?”

“ನನ್ನ ಬಸ್ ಹೊಕ್ಕೈತ್ರಿ.”

ಅಷ್ಟರಲ್ಲಿ ಸ್ವಿಚ್ಚು ಆರಿರುತ್ತಿತ್ತು. ಅರ್ಧ ಅಂಗಡಿಗಳಿಗೆ ಹೊಸ ದರ, ಅರ್ಧಕ್ಕೆ ಹಳೆಯದು. ಎಲ್ಲ ಅಳಿಸಿ ಮೊದಲಿನಿಂದ ಓಡಿಸಬೇಕು. ಸಾಹುಕಾರರು ಕೆಟ್ಟವರಲ್ಲ, ಕಾಣದ್ದನ್ನು ನಂಬುವವರಲ್ಲ ಅಷ್ಟೆ. ಆ ಮಟ್ಟಿಗೆ ನಾವಿಬ್ಬರೂ ಒಂದೇ ಜಾತಿ.

ಹೀಗೆ ಬಸ್ಸು ತಪ್ಪಿದ ಒಂದು ಸಂಜೆ ಅಕ್ಕಾರ ದನಿ ಏರಿಸದೆ ಹೇಳಿದರು: “ಸರ್, ಮೊದಲ ಕೈಲೆ ಮಾಡಾಕತ್ತಾಗ ಇಷ್ಟ ಹೊತ್ತಿಗೆ ಮುಗೀತೈತಿ ಅಂತಾದ್ರೂ ಗೊತ್ತಿರತಿತ್ತು. ಈಗ ದೇವರಿಗೇ ಗೊತ್ತು. ಅವ್ವ ಉಣ್ಣದ ಕುಂತಿರ್ತಾಳ. ಹಿಂಗಾದ್ರ ಈ ತಿಂಗಳಿಗೆ ನಾ ಕೆಲಸಾ ಬಿಡ್ತೇನ್ರಿ.”

ಅವರು ಬರೀ ಹೆದರಿಸುವ ಪೈಕಿ ಅಲ್ಲ. ಬಿಡುತ್ತೇನೆಂದರೆ ಬಿಡುತ್ತಾರೆ. ಅವರ ಕೆಲಸ ಹಗುರ ಮಾಡಲು ಹೋಗಿ ನಾನು ಅವರ ಕೆಲಸಕ್ಕೇ ಕುತ್ತು ತಂದಿದ್ದೆ.

ಮೊದಲು ಹಾಳೆಯ ಕೆಳಗಿನ ಅಂಚಿನಲ್ಲಿ ‘ಇಷ್ಟಾಯಿತು’ ಎಂದು ಅಂಕಿ ತೋರಿಸಿದೆ. ಸಾಹುಕಾರರ ಚಾಳೀಸಿಗೆ ಅದು ಇರುವೆಯ ಸಾಲಿನಂತೆ ಕಂಡಿತು. ಆಮೇಲೆ ಒಂದು ಪುಟ್ಟ ಕಿಟಕಿ ಮಾಡಿ, ಅದರೊಳಗೆ ಬೂದು ಬಣ್ಣದ ಪಟ್ಟಿ, ಅದರ ಮೇಲೆ ಎಡದಿಂದ ಬಲಕ್ಕೆ ಬೆಳೆಯುವ ಹಸಿರು ಪಟ್ಟಿ ಇಟ್ಟೆ. ಕೆಲಸ ಮುಂದುವರಿದಂತೆ ಹಸಿರಿನ ಅಗಲ ಹೆಚ್ಚುತ್ತದೆ. ಸುಲಭ ಎನಿಸಿತು. ಆದರೆ ನಡುನಡುವೆ ಕಂಪ್ಯೂಟರಿಗೆ ಉಸಿರಾಡಲು ಬಿಡದಿದ್ದರೆ ಹಸಿರೂ ಬಿಳಿಚಿಕೊಳ್ಳುತ್ತಿತ್ತು. ಹೆಜ್ಜೆಹೆಜ್ಜೆಗೂ ಬಿಟ್ಟರೆ ಪಟ್ಟಿ ಬಳಿಯುವುದೇ ಮುಖ್ಯ ಕೆಲಸವಾಗಿ ನಿಜವಾದ ಕೆಲಸ ಕುಂಟುತ್ತಿತ್ತು. ಹಸಿರು ಕಣ್ಣಿಗೆ ಕಾಣುವಷ್ಟು ಸರಿದಾಗ ಮಾತ್ರ ಬಳಿ ಎಂದು ಕಲಿಸಬೇಕಾಯಿತು. ಕಿಟಕಿಯ ಮೂಲೆಯ ಮುಚ್ಚುವ ಗುರುತನ್ನು ಸಾಹುಕಾರರು ಒತ್ತದಂತೆ ಅದನ್ನೂ ಕಟ್ಟಿಹಾಕಬೇಕಾಯಿತು. ಹೊಲಿದ ಕಡೆ ಬಿಟ್ಟು ಇನ್ನೊಂದು ಕಡೆ ಹರಿಯುವ ಅಂಗಿಯ ಹಾಗೆ ದಿನಗಳು ಹೋದವು.

ಇನ್ನೂ ಬೇರೆ ಮ್ಯಾಕ್ರೋಗಳಿದ್ದವು. ಗೋದಾಮಿನದು ಒಂದು, ತೆರಿಗೆಯದು ಒಂದು. ಪ್ರತಿಯೊಂದರೊಳಗೂ ಈ ತಂತ್ರಗಳನ್ನೆಲ್ಲ ನೆನಪಿನಿಂದ ಮತ್ತೆ ಬರೆಯುವುದು ನನ್ನಿಂದ ಆಗದ ಮಾತು. ಅದಕ್ಕೇ ಅದನ್ನೊಂದು ಕ್ಲಾಸ್ ಆಗಿ ಮಾಡಿದೆ. ಕ್ಲಾಸ್ ಎಂದರೆ ಅಚ್ಚು. ಅಚ್ಚಿನಿಂದ ಬೇಕಾದಾಗ ಒಂದು ಪಟ್ಟಿಯನ್ನು ತೆಗೆದುಕೊಳ್ಳಬಹುದು, ಅದಕ್ಕೆ ಮೂರೇ ಮಾತು ಹೇಳಬೇಕು: ಶುರುವಾಗು, ಮುಂದೆ ಸರಿ, ಮುಚ್ಚಿಕೋ. ಒಳಗೆ ಬಣ್ಣ ಯಾವುದು, ಉಸಿರು ಎಲ್ಲಿ ಬಿಡಬೇಕು ಎಂಬುದು ಹೊರಗಿನವರಿಗೆ ತಿಳಿಯಬೇಕಾಗಿಲ್ಲ. ಕೆಲಸ ನಡುದಾರಿಯಲ್ಲಿ ಕೆಟ್ಟು ನಿಂತರೂ ಪಟ್ಟಿ ತಾನೇ ಕಣ್ಮರೆಯಾಗುತ್ತದೆ, ಪರದೆಯ ಮೇಲೆ ಅನಾಥವಾಗಿ ಬಿದ್ದಿರುವುದಿಲ್ಲ. ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ನನಗೆ ಅದು ಮರೆಯಲು ಸಿಕ್ಕ ಪರವಾನಗಿ. ಒಮ್ಮೆ ಸರಿಯಾಗಿ ಮಾಡಿ ಡಬ್ಬಿಯ ಬಾಯಿ ಮುಚ್ಚಿದರೆ, ಒಳಗೇನಿದೆ ಎಂದು ತಲೆಯಲ್ಲಿ ಹೊತ್ತು ತಿರುಗಬೇಕಿಲ್ಲ.

ಪಟ್ಟಿಯ ಮೇಲೆ ಆ ಕ್ಷಣ ಯಾವ ಊರಿನ ಲಿಸ್ಟ್ ತಯಾರಾಗುತ್ತಿದೆಯೋ ಆ ಹೆಸರು ಕಾಣಿಸುವಂತೆ ಮಾಡಿದ್ದೆ. ಊರುಗಳು ಅಕಾರಾದಿಯಲ್ಲಿದ್ದವು. ಅಣ್ಣಿಗೇರಿ, ಅಳ್ನಾವರ, ಕಲಘಟಗಿ, ಕುಂದಗೋಳ, ಗದಗ. ಸಾಹುಕಾರರು ಕುರ್ಚಿ ಎಳೆದುಕೊಂಡು ಕುಳಿತರು.

“ಆಹಾ, ಬಸ್ ಹೊಂಟಂಗ ಹೊಂಟೈತಲ್ರಿ! ನರಗುಂದ ಆತು, ನವಲಗುಂದ ಆತು…”

ಹಾವೇರಿ ದಾಟಿ ‘ಹುಬ್ಬಳ್ಳಿ’ ಎಂದು ಬಂತು. ಪಟ್ಟಿ ಬಹುತೇಕ ತುಂಬಿತ್ತು. ಅಲ್ಲೇ ನಿಂತಿತು. ನಿಂತೇ ಇತ್ತು. ನಾನು ಎಲ್ಲ ಊರನ್ನೂ ಸಮ ಎಂದು ಎಣಿಸಿದ್ದೆ. ಆದರೆ ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಹುಬ್ಬಳ್ಳಿಯ ಅಂಗಡಿಗಳೇ, ಮತ್ತು ಅಕಾರಾದಿಯಲ್ಲಿ ಹುಬ್ಬಳ್ಳಿ ಕೊನೆಗೆ ಬೀಳುತ್ತದೆ.

ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬಂದವರಿಗೆ ಗೊತ್ತು: ಹೊಸೂರು ಬರುವ ಮೊದಲೇ ಇಡೀ ಬಸ್ಸು ಚೀಲ ಹಿಡಿದು ಎದ್ದು ಬಾಗಿಲ ಹತ್ತಿರ ನಿಂತಿರುತ್ತದೆ. ನಿಲ್ದಾಣ ಇನ್ನೂ ಮುಂದಿದ್ದರೂ ಬಂದ ಹಾಗೆಯೇ ಲೆಕ್ಕ. ಸಾಹುಕಾರರೂ ಎದ್ದರು.

“ಹುಬ್ಬಳ್ಳಿ ಬಂತಲ್ಲ, ಆತು, ಏಳ್ರಿ.” ಟಕ್ಕೆಂದು ಸ್ವಿಚ್ಚು ಆರಿತು.

ಅಕ್ಕಾರ ಹೆಗಲಿಗೆ ಹಾಕಿಕೊಂಡಿದ್ದ ಚೀಲ ತೆಗೆದು ಮೇಜಿನ ಮೇಲಿಟ್ಟರು. ಅದು ಬೈಗುಳಕ್ಕಿಂತ ಜೋರಾಗಿತ್ತು.

ಮರುದಿನವೂ ಹಾಗೇ ಆಯಿತು. ಒಂದು ಸುಳ್ಳು ಪಟ್ಟಿ ಮಾಡಿಬಿಡಲೇ ಎಂದು ಯೋಚಿಸಿದೆ. ಅರ್ಧಕ್ಕೆ ಬಂದು ಅಲ್ಲೇ ಕುಳಿತಿರಲಿ, ಕೆಲಸ ಮುಗಿದ ಮೇಲೆ ಒಮ್ಮೆಲೇ ತುಂಬಲಿ. ಯಾರಿಗೂ ತಿಳಿಯದು, ಡಬ್ಬಿಯ ಬಾಯಿ ಮುಚ್ಚಿಯೇ ಇದೆ. ಆದರೆ ಕಾಣದ್ದನ್ನು ನಂಬದ ಮನುಷ್ಯನಿಗೆ ಸುಳ್ಳನ್ನೇ ಕಾಣಿಸುವುದು ನನ್ನಂಥವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಉತ್ತರ ಸಿಕ್ಕಿದ್ದು ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಉಣಕಲ್ಲ ಕೆರೆಯ ಹತ್ತಿರ: ಹುಬ್ಬಳ್ಳಿಯನ್ನು ಮೊದಲು ಮಾಡು. ಊರಿನ ಲೆಕ್ಕ ಬಿಟ್ಟು ಅಂಗಡಿಗಳ ಲೆಕ್ಕದಲ್ಲಿ ಪಟ್ಟಿ ಸರಿಯಲಿ. ಮೊದಲು ಹುಬ್ಬಳ್ಳಿಯಲ್ಲಿ ನಿಧಾನ ಇರುತ್ತದೆ, ಆಮೇಲೆ ಊರುಗಳು ಪಟಪಟನೆ ಹಾರಿಹೋಗುತ್ತವೆ. ಇದು ನನಗೇ ಹೊಳೆದದ್ದು ಎಂದು ನನ್ನ ನೆನಪು. ‘ದೊಡ್ಡ ಮೂಟಿ ಮೊದಲ ಇಳಸಬೇಕಂತ ನಾನ ಹೇಳಿದ್ದೆ’ ಎಂದು ಸಾಹುಕಾರರು ಇಂದಿಗೂ ಹೇಳುತ್ತಾರೆ. ಇರಬಹುದು.

ಮರುದಿನ ಸಂಜೆ ಮೊದಲ ಸಲ ಪಟ್ಟಿ ಪೂರ್ತಿ ತುಂಬಿತು. ಸಾಹುಕಾರರು ಸ್ವಿಚ್ಚು ಮುಟ್ಟಲಿಲ್ಲ, ಕೊನೆಯ ಊರುಗಳು ಓಡುವುದನ್ನು ಬಾಯಿಬಿಟ್ಟು ನೋಡುತ್ತ ಕುಳಿತರು. ಅಕ್ಕಾರ ಲಿಸ್ಟ್ ಕಳಿಸಿ, ಚೀಲ ಹೆಗಲಿಗೇರಿಸಿ, ನಗುತ್ತ ಮೆಟ್ಟಿಲಿಳಿದರು. ನಾನು ಕಿಟಕಿಯಲ್ಲಿ ನಿಂತು, ಅವರು ರಸ್ತೆ ದಾಟಿ ಧಾರವಾಡದ ಬಸ್ಸು ಹತ್ತುವುದನ್ನು ನೋಡಿದೆ. ಬಹಳ ವರ್ಷ ನನ್ನ ಬಳಿ ಇದ್ದ ಚಿತ್ರ ಇದು. ದಣಿದಾಗ ತೆಗೆದು ನೋಡಿಕೊಳ್ಳುತ್ತಿದ್ದೆ. ಬದುಕಿನಲ್ಲಿ ಮಾಡಿದ ಎಷ್ಟೋ ಕೆಲಸಗಳು ಯಾರಿಗೆ ಮುಟ್ಟಿದವೋ ತಿಳಿಯದು, ಇದೊಂದು ಮುಟ್ಟಿತು ಎಂದು.

ಈಚೆಗೆ ಕಚೇರಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ಅಚ್ಚನ್ನು ಅದರಲ್ಲಿ ಹಾಕಿ ಓಡಿಸುತ್ತಿದ್ದೆ. ಅಕ್ಕಾರ ಪಕ್ಕದಲ್ಲಿದ್ದರು. ಅವರ ತಾಯಿ ತೀರಿಹೋಗಿ ಒಂದು ವರ್ಷವಾಗಿತ್ತು. ಈಗ ಅವರಿಗೆ ಯಾವ ಬಸ್ಸಾದರೂ ನಡೆಯುತ್ತದೆ. ಮಾತಿಗೆ ಮಾತು ಬಂದು ಆ ಸಂಜೆಯ ಚಿತ್ರ ಹೇಳಿದೆ.

“ಅವತ್ತ ನಾ ಎಲ್ಲಿ ಬಸ್ ಹತ್ತಿದ್ನಿರಿ ಸರ್?” ಎಂದರು.

“ಹತ್ತಿದ್ರೆಲ್ಲಾ ಅಕ್ಕಾರ. ನಾನ ನೋಡೇನಲ್ಲ.”

“ಪಟ್ಟಿ ತುಂಬಿದ್ದು ಖರೇ. ಆದ್ರ ಸಾವ್ಕಾರ್ರು, ‘ಭಾಳ ಛಲೋ ಐತಿ ಮಾಸ್ತರ, ಇನ್ನೊಮ್ಮೆ ಓಡಸ್ರಿ’ ಅಂದ್ರು. ನೀವೂ ಹುರುಪಿನ್ಯಾಗ ಓಡಿಸಿದ್ರಿ. ಹಳೇ ಲಿಸ್ಟ್ ಎಲ್ಲಾ ಅಳಿಸಿ ಹೊಸಾವು ಬಂದ್ವು, ನಾ ಮತ್ತ ತಾಳೆ ನೋಡಬೇಕಾತು. ಅಲ್ಲೇ ಹೊತ್ತಾತು.”

“ಮತ್ತ ನೀವು…?”

“ನೀವ ಸ್ಕೂಟರ್ ಮ್ಯಾಲೆ ಧಾರವಾಡ ತನಕಾ ಬಿಟ್ರೆಲ್ಲಾ! ನಿಮ್ಮ ಮನಿ ದಾಟಿ ಹೋದ್ವಿ, ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಅದೇನೋ ಅಚ್ಚು, ಡಬ್ಬಿ ಅಂತ ಹೇಳಕೋತ ಹೊಂಟಿದ್ರಿ. ಗಾಳಿಗೆ ನನಗ ಒಂದೂ ಕೇಳಲಿಲ್ಲ. ನವಲೂರ ಹತ್ರ ಲಾರಿ ಅಡ್ಡ ಬಂದಾಗ ಅಷ್ಟ ಸುಮ್ಮನಾದ್ರಿ.”

ಅವರು ನಕ್ಕರು. ನನಗೆ ನವಲೂರು ನೆನಪಿಲ್ಲ. ಲಾರಿ ನೆನಪಿಲ್ಲ. ಹಿಂದಿನ ಸೀಟಿನಲ್ಲಿ ಯಾರನ್ನೋ ಕೂರಿಸಿಕೊಂಡು ನನ್ನ ಮನೆಯ ತಿರುವನ್ನು ದಾಟಿ ಹೋದದ್ದಂತೂ ಎಳ್ಳಷ್ಟೂ ನೆನಪಿಲ್ಲ. ಅವರೇ ಬೇರೆ ಯಾವುದೋ ದಿನವನ್ನು ಇದಕ್ಕೆ ಜೋಡಿಸುತ್ತಿರಬಹುದು ಎಂದುಕೊಂಡೆ. ಆಧಾರ ಬೇಕಲ್ಲ. ಎದ್ದು ಕಚೇರಿಗಿರುವ ಒಂದೇ ಕಿಟಕಿಯ ಹತ್ತಿರ ಹೋದೆ. ಅಲ್ಲಿಂದ ಕಾಣುವುದು ಗೋದಾಮಿನ ತಗಡಿನ ಮಾಡು, ಅದರಾಚೆ ಇನ್ನೊಂದು ಗೋದಾಮಿನ ಗೋಡೆ. ಎರಡೂ ನಾನು ಈ ಕಚೇರಿಗೆ ಬರುವ ಮೊದಲೇ ಕಟ್ಟಿದವು. ರಸ್ತೆ ಆ ಕಡೆಗೇ ಇಲ್ಲ. ಅಲ್ಲಿ ನಿಂತು ಯಾರೂ ಯಾವ ಬಸ್ಸನ್ನೂ ನೋಡಿರಲು ಸಾಧ್ಯವಿಲ್ಲ.

ಹೊಸ ಕಂಪ್ಯೂಟರಿನಲ್ಲಿ ಹಸಿರು ಪಟ್ಟಿ ಹುಬ್ಬಳ್ಳಿಯಲ್ಲೇ ನಿಧಾನವಾಗಿ ಸರಿಯುತ್ತಿತ್ತು. ಮರಳಿ ಬಂದು ಕುಳಿತೆ.

“ಮುಗದದ ಬಸ್ ಸಿಕ್ಕಿತ್ತೇನ್ರಿ ಅವತ್ತ?”

“ಹೊಂಟ ನಿಂತಿತ್ರಿ. ನೀವ ಓಡಿ ಹೋಗಿ ಡ್ರೈವರಗ ಕೈ ಮಾಡಿದ್ರಿ.”

“ಅವ್ವಾರಿಗೆ ಸೂಜಿ?”

“ಹೊತ್ತಿಗೆ ಸರಿಯಾಗಿ ಹಾಕಿದ್ನಿ,” ಎಂದು ಅಕ್ಕಾರ ಪರದೆಯತ್ತ ತಿರುಗಿದರು. ಅಣ್ಣಿಗೇರಿ ಬಂತು, ಅಳ್ನಾವರ ಬಂತು. ಅವರ ಚೀಲ ಕುರ್ಚಿಗೇ ತೂಗುಬಿದ್ದಿತ್ತು. ಪಟ್ಟಿ ತುಂಬಿ ಮುಚ್ಚಿಕೊಂಡ ಮೇಲೂ ಅವರು ಏಳಲಿಲ್ಲ.