ನೆಗೆಣ್ಣಿಯ ಡಬ್ಬಿ

ದೇವದುರ್ಗದ ಅಮರಮ್ಮನಿಗೆ ನೆಗೆಣ್ಣಿ ಮಲ್ಲೇಶ್ವರಿಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇಬ್ಬರೂ ಒಂದೇ ಮನೆಯ ಸೊಸೆಯಂದಿರು. ಉಣ್ಣುವುದು ಒಂದೇ ಗಡಿಗೆಯದು, ಹತ್ತಿ ಬಿಡಿಸಲು ಹೋಗುವುದು ಒಂದೇ ಹೊಲಕ್ಕೆ. ಮಾನ್ವಿ ಕಡೆಯ ಕುರ್ಡಿಯಿಂದ ಮದುವೆಯಾಗಿ ಬಂದಾಗ ಅಮರಮ್ಮನೂ ಕಡ್ಡಿಯಂತಿದ್ದವಳೇ. ಹೆರಿಗೆಗಳಾದ ಮೇಲೆ ಮೈ ಬಂತು, ಬಂದದ್ದು ಇಳಿಯಲಿಲ್ಲ. ಮಧ್ಯಾಹ್ನವಾಗುತ್ತಲೇ ಏದುಸಿರು ಬಿಡುತ್ತ ಬದುವಿನ ಮೇಲೆ ಕೂರುವಳು. ಜಾಲಹಳ್ಳಿಯ ಮಲ್ಲೇಶ್ವರಿ ಮಾತ್ರ ಹೊಟ್ಟೆತುಂಬ ರೊಟ್ಟಿ ತಿಂದೂ ತೆಳ್ಳಗೆ, ಸಾಲಿನಲ್ಲಿ ಯಾವಾಗಲೂ ಮುಂದೆ.

ಅತ್ತೆ ಎಲ್ಲರೆದುರಿಗೇ ಅನ್ನುತ್ತಿದ್ದಳು: “ಆಕಿ ನಮ್ಮ ಮುಂದ ಉಣ್ತಾಳ. ಇಕಿ ಹಿಂದ ಕದ್ದು ಉಣ್ತಾಳ.”

ಅರ್ಧ ಹೊಟ್ಟೆಗೇ ಕೈ ತೊಳೆಯುತ್ತಿದ್ದ ಅಮರಮ್ಮನಿಗೆ ಈ ಕಳ್ಳಿಯ ಹೆಸರನ್ನು ಕಳೆದುಕೊಳ್ಳುವುದು ಹೇಗೆಂದೇ ತಿಳಿಯುತ್ತಿರಲಿಲ್ಲ.

ಆಗ ರಾಯಚೂರಿನಿಂದ ಡಾಕ್ಟರ್ ಮೆಹನಾಜ್ ಬಂದರು. ಕರುಳಿನ ಸೂಕ್ಷ್ಮಜೀವಿಗಳ ಅಧ್ಯಯನವಂತೆ, ಮಲದ ಪರೀಕ್ಷೆಯಂತೆ. ಹೆಂಗಸರಿಗೆಲ್ಲ ಹೆಸರು ಅಂಟಿಸಿದ ಡಬ್ಬಿ ಕೊಟ್ಟರು. ಮರುದಿನ ಬೆಳಿಗ್ಗೆ ಇಬ್ಬರ ತುಂಬಿದ ಡಬ್ಬಿಗಳೂ ಹಿತ್ತಲ ಕಟ್ಟೆಯ ಮೇಲಿದ್ದವು. ಇದರಲ್ಲೂ ಅವಳದೇ ಮೇಲಾದರೆ? ಯೋಚನೆ ಬಂದದ್ದೇ ತಡ, ಅಮರಮ್ಮ ಹೆಸರಿನ ಚೀಟಿಗಳನ್ನು ಕಿತ್ತು ಅದಲುಬದಲು ಅಂಟಿಸಿಬಿಟ್ಟಳು. ಹೊಟ್ಟೆಕಿಚ್ಚಿಗೆ ಹೇಸಿಗೆಯ ಗೊಡವೆ ಎಲ್ಲಿಯದು?

ಡಾಕ್ಟರು ಮತ್ತೆ ಬಂದು ಸೊಸೆಯಂದಿರನ್ನು ಕೂರಿಸಿಕೊಂಡರು. ಅತ್ತೆಯೂ ಬಂದು ಕೂತಳು.

“ರೊಟ್ಟಿ, ಬ್ಯಾಳಿ, ತಪ್ಪಲ ಪಲ್ಯದಾಗಿನ ನಾರು ನಮಗ ಕರಗಂಗಿಲ್ಲರೀ. ಕರುಳಾಗಿನ ಸೂಕ್ಷ್ಮಜೀವಿ ಅದನ್ನ ತಿಂದು ಸಣ್ಣ ಕೊಬ್ಬಿನ ಆಮ್ಲ ಮಾಡ್ತಾವ. ಹೊಟ್ಟಿ ತುಂಬಿತು ಅಂತ ಮಿದುಳಿಗೆ ಸುದ್ದಿ ಮುಟ್ಟಿಸಾಕ, ಉಂಡದ್ದನ್ನ ಮೈ ಸುಡಬೇಕೋ ಕೂಡಿಡಬೇಕೋ ಅಂತ ಹೇಳಾಕ ಆ ಆಮ್ಲ ಬೇಕು. ಒಂದೇ ಊಟ ಉಂಡ್ರೂ ಒಬ್ಬೊಬ್ಬರ ಕರುಳು ಒಂದೊಂದು ಥರ ಇರ್ತದ.”

ಮಲ್ಲೇಶ್ವರಿಯ ಹೆಸರಿನ ಡಬ್ಬಿಯಲ್ಲಿ ಅಂಥ ಆಮ್ಲ ತೀರಾ ಕಡಿಮೆ. ಅಮರಮ್ಮನ ಹೆಸರಿನದರಲ್ಲಿ ಬೇಕಾದಷ್ಟು. ಇದೊಂದರಿಂದಲೇ ತೂಕದ ಕಾರಣ ಹೇಳಲಾಗದು ಎಂದು ಡಾಕ್ಟರು ಎರಡು ಸಲ ಹೇಳಿದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

“ನೋಡ್ರಿ, ಇಕಿ ಕರುಳು ಛಲೋ ಅದ. ಮತ್ತ ಮೈ ಹೆಂಗ ಬಂತು? ಕದ್ದು ತಿಂದೇ ಬಂತು.”

ಅಮರಮ್ಮ ತನ್ನ ಪರವಾಗಿ ಇದ್ದ ಒಂದೇ ಸಾಕ್ಷಿಯನ್ನು ತಾನೇ ನೆಗೆಣ್ಣಿಯ ಹೆಸರಿಗೆ ಅಂಟಿಸಿದ್ದಳು. ಈಗ ಬಾಯಿ ಬಿಟ್ಟರೂ ಕಳ್ಳಿ, ಬಿಡದಿದ್ದರೂ ಕಳ್ಳಿ.

ಅಂದಿನಿಂದ ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಮೊದಲು ಮಲ್ಲೇಶ್ವರಿಯ ತಾಟಿಗೆ. ಪಾಪ, ಅವಳ ಕರುಳು ಸೋತಿದೆಯಲ್ಲ. ಅಮರಮ್ಮ ನೋಡುತ್ತ ಕೂರಬೇಕು.

ಒಂದು ಮಧ್ಯಾಹ್ನ ಅತ್ತೆ ಆಚೆ ಹೋದಾಗ ಮಲ್ಲೇಶ್ವರಿ ತನ್ನ ರೊಟ್ಟಿ ಮುರಿದು ಅರ್ಧ ಅಮರಮ್ಮನ ತಾಟಿಗೆ ಹಾಕಿದಳು.

“ತಿನ್ನಕ್ಕಾ. ನೀ ಕದ್ದು ತಿನ್ನಾಕಿ ಅಲ್ಲ, ನನಗ ಗೊತ್ತದ.”

ಇಷ್ಟು ವರ್ಷ ಯಾರಾದರೂ ಅನ್ನಲಿ ಎಂದು ಅಮರಮ್ಮ ಕಾದಿದ್ದ ಮಾತು ಅದು. ಬಂದದ್ದು ಇವಳ ಬಾಯಿಂದಲೇ. ಅಮರಮ್ಮ ರೊಟ್ಟಿ ತಿಂದಳು. ಒಳ್ಳೆಯವಳಾಗುವ ಭಾಗ್ಯವೂ ಇವಳಿಗೇ ಹೋಯಿತಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.