ಬೀರೂರು ಸ್ಟೇಷನ್ನಿನ ಮುಯ್ಯಾಳುಗಳು

ಹಾಲಮ್ಮನ ಮಾತು ಬಂದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಅರ್ಧ ಸಿಟ್ಟು ಆ ವಿಶ್ವವಿದ್ಯಾಲಯದ ಮೇಲೆ, ಉಳಿದರ್ಧ ಅವಳ ಮೇಲೆಯೇ. ಅಜ್ಜಂಪುರದ ಪ್ರಾಥಮಿಕ ಶಾಲೆಯಲ್ಲಿ ನಾವಿಬ್ಬರೂ ಟೀಚರುಗಳಾಗಿದ್ದೆವು. ಅವಳಿಗೆ ಮೂರನೇ ಕ್ಲಾಸು, ನನಗೆ ನಾಲ್ಕು, ನಡುವೆ ಒಂದು ಬಿದಿರು ತಡಿಕೆ. ಕುದಿಯುವ ಪಾತ್ರೆಯ ಮುಚ್ಚಳ ಯಾಕೆ ಕುಣಿಯುತ್ತದೆ ಎಂದು ಅವಳು ಆ ಕಡೆ ಶುರು ಮಾಡಿದರೆ ಈ ಕಡೆ ನನ್ನ ವ್ಯಾಕರಣ ಕೇಳುವವರು ಯಾರೂ ಇರುತ್ತಿರಲಿಲ್ಲ. ನನ್ನ ಮಕ್ಕಳೂ ತಡಿಕೆಗೆ ಕಿವಿ ಕೊಟ್ಟು ಕೂರುತ್ತಿದ್ದರು.

ಅವಳು ಯಗಟಿ ಕಡೆಯ ರೈತರ ಮನೆಯವಳು. ಪಿಯುಸಿಯಲ್ಲಿ ಸೈನ್ಸ್ ಓದಿದ್ದಳು. ಮುಂದಕ್ಕೆ ಓದುವ ಆಸೆಯಿತ್ತು, ಮನೆಯವರು ಟೀಚರ್ ಟ್ರೈನಿಂಗೇ ಸಾಕು ಅಂದರು. ಮದುವೆ ಯಾಕೆ ಆಗಲಿಲ್ಲವೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡಬೇಕು ಅನ್ನುವುದು ಮಾತ್ರ ಅವಳ ತಲೆಯಿಂದ ಇಳಿಯಲಿಲ್ಲ.

ಎಂಬತ್ತನೇ ಇಸವಿಯ ಆಚೀಚೆ ಒಂದು ವಿಶ್ವವಿದ್ಯಾಲಯದವರು ಅಂಚೆ ಮೂಲಕ ಬಿ.ಎಸ್ಸಿ. ಶುರು ಮಾಡಿದರು. ಅದರ ಹೆಸರೆತ್ತಿ ನಾನೇಕೆ ಬಾಯಿ ಹೊಲಸು ಮಾಡಿಕೊಳ್ಳಲಿ? ಹಾಲಮ್ಮ ಸೇರಿದಳು. ಡಿಗ್ರಿ ಮುಗಿಸಿದವರನ್ನು ಇಲಾಖೆಯವರು ಸಂಬಳ ಕೊಟ್ಟೇ ಬಿ.ಎಡ್.ಗೆ ಕಳಿಸುತ್ತಿದ್ದರು, ಅದಾದ ಮೇಲೆ ಹೈಸ್ಕೂಲು. ಆದರೆ ಅದಕ್ಕೊಂದು ವಯಸ್ಸಿನ ಮಿತಿಯಿತ್ತು. ಮೂರು ವರ್ಷಕ್ಕೆ ಸರಿಯಾಗಿ ಪಾಸಾದರೆ ಉಂಟು, ಒಂದು ವರ್ಷ ಜಾರಿದರೂ ಇಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪಾಠದ ಕಟ್ಟುಗಳ ಚೆಂದ ಹೇಳುತ್ತೇನೆ ಕೇಳಿ. ಮೂರನೆಯ ಕಟ್ಟು ಮೊದಲು ಬಂತು, ಮೊದಲನೆಯದು ಬರಲೇ ಇಲ್ಲ. ಸೈಕ್ಲೋಸ್ಟೈಲ್ ಮಾಡಿದ ಇಂಗ್ಲಿಷ್ ಹಾಳೆಗಳು, ಒಂದರ ಮಸಿ ಇನ್ನೊಂದಕ್ಕೆ ಅಂಟಿರುತ್ತಿತ್ತು. ‘ಚಿತ್ರ ನೋಡಿ’ ಎಂದಿದ್ದ ಕಡೆ ಚಿತ್ರವಿಲ್ಲ. ಸಂದೇಹವಿದ್ದರೆ ಬರೆಯಿರಿ ಎಂದು ಅಚ್ಚು ಹಾಕಿದ್ದರು. ಅವಳು ಬರೆದಳು. ‘ನಿಮ್ಮ ಪತ್ರ ತಲುಪಿದೆ’ ಎಂದು ಕಾರ್ಡು ಬಂತು. ಮತ್ತೆ ಬರೆದಳು, ಮತ್ತೆ ಅದೇ ಕಾರ್ಡು. ಆ ಕಾರ್ಡುಗಳನ್ನು ಒಲೆಗೆ ಹಾಕು ಅಂತ ನಾನು ಎಷ್ಟು ಸಲ ಹೇಳಿದೆನೋ.

ಬೇಸಿಗೆಯಲ್ಲಿ ಸಂಪರ್ಕ ತರಗತಿ ಎಂದು ಕೆಲವು ದಿನ ಕರೆಸಿಕೊಂಡರು. ಅಲ್ಲಿ ಪಾಠ ಕಲಿತದ್ದಕ್ಕಿಂತ ದೊಡ್ಡ ಲಾಭ ಬೇರೆಯೇ ಆಯಿತು, ನಮ್ಮ ಕಡೆಯವರೇ ಇಬ್ಬರು ಸಿಕ್ಕಿದರು. ತರೀಕೆರೆಯ ಸಾಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ ಮಹಮ್ಮದ್ ಹನೀಫ್ ಒಬ್ಬ. ಸಖರಾಯಪಟ್ಟಣದಿಂದ ಬಂದು ಕಡೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ ನಂಜುಂಡಪ್ಪ ಇನ್ನೊಬ್ಬ. ಇಬ್ಬರೂ ಅವಳಿಗಿಂತ ತುಂಬಾ ಚಿಕ್ಕವರು, ಅಕ್ಕ ಅಕ್ಕ ಎಂದು ಹಚ್ಚಿಕೊಂಡರು. ಮೂರೂ ಊರಿನ ರೈಲು ಕೂಡುವುದು ಬೀರೂರಿನಲ್ಲಿ. ಭಾನುವಾರ ಅಲ್ಲಿಯೇ ಸೇರುವುದು ಎಂದಾಯಿತು.

ಮೊದಲ ಭಾನುವಾರವೇ ಹಾಲಮ್ಮ ಹೇಳಿದಳಂತೆ, “ಮೂರು ಸಬ್ಜೆಕ್ಟನ್ನೂ ಒಬ್ಬೊಬ್ಬರೇ ಉಳ್ತೀವಿ ಅಂತ ಹೊರಟ್ರೆ ಯಾರದ್ದೂ ಆಗಲ್ಲ ಕಣ್ರಪ್ಪಾ. ಮುಯ್ಯಾಳು ಮಾಡ್ಕಳಣ.”

ಮುಯ್ಯಾಳು ಹೊಲದ ಮಾತು. ಇವತ್ತು ನನ್ನ ರಾಗಿ ಕೊಯ್ಲಿಗೆ ನಿಮ್ಮ ಮನೆಯವರು ಬಂದರೆ ನಾಳೆ ನಿಮ್ಮದಕ್ಕೆ ನಾವು ಹೋಗುತ್ತೇವೆ. ಅದರಲ್ಲಿ ಕೂಲಿ ಕೇಳುವಂತಿಲ್ಲ. ಹಾಗೆಯೇ ಹಾಲಮ್ಮ ಕೆಮಿಸ್ಟ್ರಿ ವಹಿಸಿಕೊಂಡಳು, ಹನೀಫ್ ಫಿಸಿಕ್ಸ್, ನಂಜುಂಡಪ್ಪ ಲೆಕ್ಕ. ವಾರವೆಲ್ಲ ತನ್ನದನ್ನು ಅರೆದು ಕುಡಿಯುವುದು, ಭಾನುವಾರ ಉಳಿದಿಬ್ಬರಿಗೆ ಬಡಿಸುವುದು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಹಾಲಮ್ಮ ಲೋಟದಲ್ಲಿ ಅರಿಶಿನ ಕದಡಿ ಎಲೆಡಿಕೆಯ ಸುಣ್ಣ ಹಾಕಿದಳು. ನೀರು ಕೆಂಪಾಯಿತು. ನಿಂಬೆಹಣ್ಣು ಹಿಂಡಿದಳು, ಮತ್ತೆ ಹಳದಿ. ಆಮ್ಲ, ಕ್ಷಾರ, ಸೂಚಕ ಎಂದು ಅವಳು ವಿವರಿಸುತ್ತಿದ್ದರೆ, ಕೆಂಪು ನೀರು ನೋಡಿದ ಜನ ದೂರ ಸರಿದು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಬುಟ್ಟಿ ಹೊತ್ತ ಒಬ್ಬ ಹೆಂಗಸು ನಿಂತು, “ಯಾರಿಗವ್ವಾ ದೃಷ್ಟಿ ಆಗಿರೋದು?” ಎಂದು ಕೇಳಿದಳು.

“ನಮ್ಮ ಮೂರು ಜನಕ್ಕೂ ಆಗೈತೆ ಕಣಮ್ಮಾ, ಯೂನಿವರ್ಸಿಟಿದು,” ಅಂದ ಹನೀಫ್.

ಹಾಲಮ್ಮ ಅಷ್ಟು ನಕ್ಕಿದ್ದನ್ನು ನಾನು ಶಾಲೆಯಲ್ಲಿ ಯಾವತ್ತೂ ನೋಡಿರಲಿಲ್ಲ.

ವರ್ಷಕ್ಕೆ ಇಷ್ಟು ಎಂದು ಮನೆಯಲ್ಲೇ ಉತ್ತರ ಬರೆದು ಕಳಿಸಬೇಕಿತ್ತು, ಅದಕ್ಕೂ ಅಂಕ. ಅದನ್ನೂ ಮುಯ್ಯಿಯಲ್ಲೇ ಮಾಡಿದರು. ಯಾರ ಸಬ್ಜೆಕ್ಟೋ ಅವರು ಉತ್ತರ ಬರೆಯುವುದು, ಅರ್ಥ ಹೇಳುವುದು, ಉಳಿದಿಬ್ಬರು ತಮ್ಮ ತಮ್ಮ ಕೈಯಲ್ಲಿ ಬರೆದುಕೊಳ್ಳುವುದು. ಇದರಲ್ಲಿ ತಪ್ಪಿದೆ ಎಂದು ಮೂವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾಲ್ಕು ಜನ ಕೈ ಹಾಕಿ ನೆಟ್ಟ ಪೈರು ಯಾರ ಹೊಲದಲ್ಲಾದರೂ ಕಳ್ಳಮಾಲಾಗುತ್ತದೆಯೇ? ಎರಡು ವರ್ಷ ವಿಶ್ವವಿದ್ಯಾಲಯದವರೂ ಏನೂ ಅನ್ನಲಿಲ್ಲ. ಆ ಉತ್ತರಗಳನ್ನು ಯಾರೂ ಓದುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮೂರನೆಯ ವರ್ಷ ಯಾವನೋ ಪುಣ್ಯಾತ್ಮ ಓದಿಬಿಟ್ಟ. ಮೂರೂ ಕೆಮಿಸ್ಟ್ರಿ ಉತ್ತರಗಳಲ್ಲಿ ಅದೇ ಅರಿಶಿನ, ಅದೇ ಸುಣ್ಣ, ಅದೇ ವಾಕ್ಯ. ಉಳಿದೆರಡು ಸಬ್ಜೆಕ್ಟಿನದೂ ಅದೇ ಕತೆ. ಪರೀಕ್ಷೆ ಹತ್ತಿರವಿರುವಾಗ ನೋಟಿಸು ಬಂತು. ಮೂಲ ಉತ್ತರ ಬರೆದವರು ಯಾರು, ನಕಲು ಮಾಡಿದವರು ಯಾರು ಎಂದು ಮೂವರೂ ಬೇರೆ ಬೇರೆಯಾಗಿ ತಿಳಿಸಬೇಕು. ನಕಲು ಮಾಡಿದವರಿಗೆ ಈ ವರ್ಷ ಪರೀಕ್ಷೆಯಿಲ್ಲ, ಮೂಲ ಬರೆದವರಿಗೆ ತೊಂದರೆಯಿಲ್ಲ. ಉತ್ತರ ಕೊಡುವ ಮುಂಚೆ ಒಬ್ಬರೊಡನೊಬ್ಬರು ಸಮಾಲೋಚಿಸಕೂಡದು.

ನನಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಒಂದು ಸಂದೇಹಕ್ಕೂ ಉತ್ತರ ಕೊಡದವರು ಈಗ ಉತ್ತರ ಕೇಳುತ್ತಾರೆ!

“ಭಾನುವಾರ ಬೀರೂರಿಗೆ ಹೋಗು,” ಅಂದೆ. “ಮೂವರೂ ಕೂತು ಮಾತಾಡ್ಕಂಡು ಒಂದೇ ಥರ ಬರೀರಿ.”

“ಮಾತಾಡ್ಕಬೇಡಿ ಅಂದವ್ರೆ ಕಣೇ ಅಂಬಮ್ಮ. ಒಂದು ತಪ್ಪಿನ ಮೇಲೆ ಇನ್ನೊಂದು ಬ್ಯಾಡ.”

ಆ ಭಾನುವಾರ ಅವಳು ಮನೆ ಬಿಟ್ಟು ಕದಲಲಿಲ್ಲ. ಆ ಇಬ್ಬರೂ ಬೀರೂರಿಗೆ ಹೋಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಸೋಮವಾರ ಊಟದ ಬಿಡುವಿನಲ್ಲಿ ನನ್ನೆದುರೇ ಕೂತು ಬರೆದಳು. ಉತ್ತರ ಬರೆದವರು ಹನೀಫ್ ಮತ್ತು ನಂಜುಂಡಪ್ಪ, ನೋಡಿ ಬರೆದವಳು ನಾನು. ಅಷ್ಟೇ.

“ಕೆಮಿಸ್ಟ್ರಿ ನಿಂದಲ್ವೇನೇ? ಅದನ್ನಾದ್ರೂ ಬರಿ,” ಎಂದು ರೇಗಿದೆ.

“ಹಂಗೆ ಬರೆದ್ರೆ ಅವ್ರು ನಂದು ಕದ್ದಂಗಾಯ್ತದೆ. ಇನ್ನೂ ಹುಡುಗರು, ಅವ್ರಾದ್ರೂ ಪಾಸಾಗ್ಲಿ.”

“ನಿನ್ನ ವಯಸ್ಸು ಮೀರ್ತೈತಲ್ಲೇ.”

ಅವಳು ಲಕೋಟೆಗೆ ಅಂಟು ಹಚ್ಚಿದಳು. ನನಗೆ ಅದನ್ನು ಕಿತ್ತುಕೊಂಡು ಹರಿದು ಹಾಕಬೇಕು ಅನ್ನಿಸಿತು. ಗಂಟೆ ಹೊಡೆಯಿತು, ಇಬ್ಬರೂ ಕ್ಲಾಸಿಗೆ ಹೋದೆವು.

ಈ ಸಲ ವಿಶ್ವವಿದ್ಯಾಲಯದವರು ತಡ ಮಾಡಲಿಲ್ಲ. ನಕಲು ಮಾಡಿದ್ದನ್ನು ನೀವೇ ಒಪ್ಪಿಕೊಂಡಿರುವುದರಿಂದ ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದು ಬಂತು. ಹಾಲಮ್ಮ ಅಳಲಿಲ್ಲ. ಆ ಹುಡುಗರಿಗೆ ಹಾಲ್ ಟಿಕೆಟ್ ಬಂದಿರುತ್ತದೆ, ಕೆಮಿಸ್ಟ್ರಿಯಲ್ಲಿ ಏನಾದರೂ ಕೇಳುವುದಿದ್ದರೆ ಹೇಳಿಕೊಟ್ಟು ಬರೋಣ ಎಂದು ಭಾನುವಾರ ಹೊರಟಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ.

ಇಬ್ಬರೂ ಅದೇ ಬೆಂಚಿನ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ನಂಜುಂಡಪ್ಪನ ಮುಖ ಅರಳಿತು.

“ಹಾಲ್ ಟಿಕೆಟ್ ಬಂತಾ ಅಕ್ಕ?”

“ನಂಗೆಲ್ಲಿ ಬತ್ತದೆ? ನಿಮಗೆ ಬಂದಿರಬೇಕು,” ಅಂದಳು ಹಾಲಮ್ಮ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಹನೀಫ್ ತಡವರಿಸುತ್ತಾ ಹೇಳಿದ, “ನಮಗ್ಯಾಕೆ ಬತ್ತದಕ್ಕ? ಎಲ್ಲಾ ಅಕ್ಕಂದು ನೋಡಿ ಬರೆದ್ವಿ ಅಂತ ನಾನು ಬರೆದು ಹಾಕ್ದೆ. ಇವನೂ ಅದನ್ನೇ ಬರೆದವ್ನೆ, ಇವತ್ತು ಹೇಳ್ದ. ನಿಮಗೆ ಇದೊಂದೇ ವರ್ಷ ಉಳಿದಿರೋದಲ್ವಾ? ನಮಗೇನು, ಮುಂದಿನ ವರ್ಷ ಆದ್ರೂ ಆಯ್ತದೆ. ನೀವು ಏನಂತ ಬರೆದ್ರಿ?”

ಹಾಲಮ್ಮ ಬರೆದದ್ದೇನೆಂದು ನಾನು ಹೇಳಿದೆ.

ನಂಜುಂಡಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅವಳು ಏನೂ ಬರೆಯದೆ ಸುಮ್ಮನಿದ್ದರೂ ಸಾಕಿತ್ತು, ಇವರಿಬ್ಬರ ಕಾಗದವೇ ಅವಳನ್ನು ದಾಟಿಸುತ್ತಿತ್ತು. ಇಷ್ಟು ಒಳ್ಳೆಯತನ ಯಾರಿಗೆ ಬೇಕಾಗಿತ್ತು? ಮೂವರ ಮೇಲೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೆಯ ವರ್ಷ ಆ ಇಬ್ಬರೂ ಪರೀಕ್ಷೆ ಕಟ್ಟಿ ಪಾಸಾದರು. ಹಾಲಮ್ಮ ಕಟ್ಟಲಿಲ್ಲ. ನಮ್ಮೂರ ಹೈಸ್ಕೂಲಿಗೆ ಬೇರೆ ಊರಿನಿಂದ ಸೈನ್ಸ್ ಮೇಷ್ಟ್ರು ಬಂದರು, ಅವಳು ಮೂರನೇ ಕ್ಲಾಸಿನಲ್ಲೇ ಉಳಿದಳು.

ಅವತ್ತು ಬೀರೂರಿನಿಂದ ವಾಪಸು ಬಂದಾಗ ಅವಳು ಅಜ್ಜಂಪುರದಲ್ಲಿ ಇಳಿದು ಸ್ವಲ್ಪ ದೂರ ನಡೆದ ಮೇಲೆ ನಿಂತಳು.

“ಮೂರು ವರ್ಷ ಅವರು ಕಳಿಸಿದ್ರಲ್ಲಿ ಒಂದಾದ್ರೂ ನೆಟ್ಟಗೆ ಅರ್ಥ ಆಗ್ತಿತ್ತೇನೇ?” ಅಂದಳು. “ಮಾತಾಡ್ಕಬೇಡಿ ಅಂದಿದ್ದೊಂದೇ ಅರ್ಥ ಆಗಿದ್ದು. ಅದನ್ನ ಮೂರು ಜನನೂ ಚಾಚೂ ತಪ್ಪದೆ ಪಾಲಿಸಿಬಿಟ್ವಿ ನೋಡು.”