ಹನ್ನೊಂದು ದಿನದ ಆಟಗಾರ

ಪಕ್ಕದ ಮನೆಯವರ ಬಲಗೈ ಪೂರ್ತಿ ನೇರವಾಗುತ್ತಿರಲಿಲ್ಲ. ಮೊಣಕೈ ಬಾಗಿಯೇ ನಿಂತುಬಿಟ್ಟಿತ್ತು. ಅದರ ಒಳಮಗ್ಗುಲಲ್ಲಿ ಗೇಣುದ್ದ ಹೊಲಿಗೆಯ ಗುರುತು. ಬಟ್ಟೆ ಒಣಹಾಕುವಾಗ ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡು ಎಡಗೈಯಲ್ಲೇ ಕೆಲಸ ಮುಗಿಸುತ್ತಿದ್ದರು. ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ, ಹಿತ್ತಲಲ್ಲಿ ಎದೆಯೆತ್ತರದ ಬೇಲಿ. ಎಂಟು ವರ್ಷ ನಮ್ಮ ಮಾತುಕತೆಯೆಲ್ಲ ಆ ಬೇಲಿಯ ಮೇಲೇ ನಡೆಯಿತು.

ತಾಯಿ ಕಾರ್ಕ್‌ನವರಾದರೂ ಅವರು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಬೇಸ್‌ಬಾಲ್ ಆಡಿ ಸಂಬಳ ತೆಗೆದುಕೊಂಡವರು ಅಂತ ತಿಳಿದ ದಿನ ಕ್ರಿಕೆಟ್ ಹುಚ್ಚಿನ ನನ್ನ ಗಂಡ ಬೇಲಿ ಬಿಟ್ಟು ಕದಲಲೇ ಇಲ್ಲ. ಚೆಂಡೆಸೆಯುವವನಾಗಿ ಹದಿನೆಂಟಕ್ಕೆ ಒಂದು ಸಣ್ಣ ಊರಿನ ತಂಡ ಸೇರಿದ್ದರಂತೆ. ಮೂರನೇ ವರ್ಷ ಕೋಚ್ ಕರೆದು, ಇನ್ನು ಮೇಲೆ ಆಟ ಶುರುಮಾಡುವವನು ನೀನಲ್ಲ, ಮೊದಲಿನವನು ಸುಸ್ತಾದರೆ ಹೋಗುವವನು ಅಂದರಂತೆ. ಅಂಥವರು ಮೈದಾನದ ಅಂಚಿನಲ್ಲಿ ಬೇರೆಯೇ ಕೂತಿರಬೇಕು. ಕೋಚ್ ಕಡೆಯಿಂದ ಫೋನ್ ಬಂದರೆ ಎದ್ದು ಕೈ ಬಿಸಿಯಾಗುವಷ್ಟು ಎಸೆಯಬೇಕು. ಬೇಡವೆಂದರೆ ಜಾಕೆಟ್ ಹಾಕಿಕೊಂಡು ಮತ್ತೆ ಕೂರಬೇಕು. ಹಾಗೆ ಎಸೆದದ್ದು ಯಾವ ದಾಖಲೆಗೂ ಸೇರುವುದಿಲ್ಲ. ಆದರೆ ಕೈ ಸವೆಯುವುದು ಅಲ್ಲೇ.

ಏಳು ವರ್ಷ ಬಸ್ಸಿನಲ್ಲಿ ಊರೂರು ಸುತ್ತಿದ ಮೇಲೆ ದೊಡ್ಡ ತಂಡಕ್ಕೆ ಕರೆ ಬಂತು. ಅಲ್ಲಿದ್ದದ್ದು ಹನ್ನೊಂದು ದಿನ. ಹನ್ನೊಂದನೆಯ ದಿನ ಮೂರು ಸಲ ಎಬ್ಬಿಸಿ ಕೂರಿಸಿದರು. ನಾಲ್ಕನೆಯ ಸಲ ಏಳುವ ಹೊತ್ತಿಗೆ ಉಂಗುರದ ಬೆರಳು, ಕಿರುಬೆರಳು ಎರಡೂ ಮರಗಟ್ಟಿದ್ದವು. ಕೈ ಹೇಗಿದೆ ಅಂತ ಕೋಚ್ ಕೇಳಿದರೆ ಚೆನ್ನಾಗಿದೆ ಅಂದರು. ಇಲ್ಲ ಅಂದವನನ್ನು ಮತ್ತೆ ಕರೆಯುವುದಿಲ್ಲ ಅನ್ನುವ ಭಯ. ಆರು ಎಸೆತಕ್ಕೆ ಪಂದ್ಯ ಕೈತಪ್ಪಿತು. ಮರುದಿನ ಕೆಳಗಿನ ತಂಡಕ್ಕೆ, ಆಮೇಲೆ ಆಪರೇಷನ್ನಿಗೆ, ಕೊನೆಗೆ ತಾಯಿಯ ಊರಿನ ಗೋದಾಮಿನ ಕೆಲಸಕ್ಕೆ. ಇದನ್ನೆಲ್ಲ ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಹೇಳುತ್ತಿದ್ದರು. ನನಗೋ ಬೇಸ್‌ಬಾಲ್ ತಲೆಬುಡ ತಿಳಿಯದು. ಸುಮ್ಮನೆ ತಲೆಯಾಡಿಸುತ್ತಿದ್ದೆ.

ಲಿಟಲ್ ಐಲ್ಯಾಂಡ್‌ನ ಆಫೀಸೊಂದರಲ್ಲಿ ನನ್ನ ಕೆಲಸ. ವರ್ಕ್ ಪರ್ಮಿಟ್ ನವೀಕರಣ ಬಾಕಿಯಿದ್ದ ಚಳಿಗಾಲದಲ್ಲಿ ನನಗೂ ಬಲಗೈಯಲ್ಲಿ ಜೋಮು ಶುರುವಾಯಿತು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಪರ್ಮಿಟ್ಟೂ ಹೋಗುತ್ತದೆ ಅಂತ ನಾನೇ ತೀರ್ಮಾನಿಸಿಕೊಂಡು ಬಾಯಿ ಹೊಲಿದುಕೊಂಡಿದ್ದೆ. ಮೌಸನ್ನು ಎಡಗೈಗೆ ಬದಲಾಯಿಸಿಕೊಂಡೆ. "ಕೈಗೇನಾಯ್ತೇ?" ಅಂತ ಗಂಡ ಕೇಳಿದರೆ, "ಏನಿಲ್ಲಪ್ಪ, ಗ್ರ್ಯಾಂಡ್ ಆಗೈತೆ" ಅಂತ, ಚೆನ್ನಾಗಿದೆ ಅನ್ನಲು ಇಲ್ಲಿನವರು ಆಡುವ ಮಾತಿನಲ್ಲೇ ಸಾಗಹಾಕಿದೆ.

ಒಂದು ಶನಿವಾರ ಬೇಲಿಯ ಮೇಲಿಂದ ಚಿತ್ರಾನ್ನದ ಡಬ್ಬಿ ಕೊಡುವಾಗ ಅದು ಜಾರಿ ಬಿತ್ತು. ಅವರು ಡಬ್ಬಿಯ ಕಡೆ ನೋಡಲೇ ಇಲ್ಲ.

"ಯಾವ ಬೆರಳು?" ಅಂದರು.

ಉಂಗುರದ ಬೆರಳು, ಕಿರುಬೆರಳು ತೋರಿಸಿದೆ. ಎಷ್ಟು ದಿನವಾಯಿತು ಅಂದರು. ನಾಲ್ಕು ತಿಂಗಳು ಅಂದೆ.

"ನನಗೆ ಯಾರೂ ಸುಳ್ಳು ಹೇಳು ಅಂದಿರಲಿಲ್ಲ. ನಾನೇ ಹೇಳಿದೆ," ಅಂದು ಒಳಗೆ ಹೋಗಿ ಕಾರಿನ ಕೀ ತಂದರು.

ಮೊಣಕೈಯಲ್ಲಿ ನರ ಸಿಕ್ಕಿಕೊಂಡಿದೆ, ಇನ್ನೂ ತಡ ಮಾಡಿದ್ದರೆ ಬೆರಳಿನ ಶಕ್ತಿ ಮರಳುತ್ತಿರಲಿಲ್ಲ ಅಂದರು ಡಾಕ್ಟರು. ಸೋಮವಾರ ಮ್ಯಾನೇಜರ್ ಮುಂದೆ ಎಲ್ಲ ಹೇಳಿದೆ. ಆಕೆ ರಜೆಯ ಫಾರಂ ಕೊಟ್ಟು, ಬೇರೆ ಕುರ್ಚಿ ಬೇಕೇ ಅಂತ ಕೇಳಿದಳು. ಅಷ್ಟೇ. ನಾಲ್ಕು ತಿಂಗಳು ನಾನು ಹೆದರಿದ್ದು ಇಷ್ಟಕ್ಕೆ. ಚಿಕಿತ್ಸೆ ಮುಗಿಯುವ ಹೊತ್ತಿಗೆ ಜೋಮು ಬಿಟ್ಟಿತು.

ಬೇಲಿಯಾಚೆಯವರು ಹೋಗಿ ಮೂರು ವಾರವಾಯಿತು. ಹೃದಯಾಘಾತವಂತೆ. ನನಗೆ ಅಳು ಬಂದಿಲ್ಲ. ಯಾಕೆ ಅಂತ ಗೊತ್ತಿಲ್ಲ. ಆಫೀಸಿಗೆ ಹೋಗುತ್ತೇನೆ, ಸಾರು ಕುದಿಸುತ್ತೇನೆ, ಯಾವುದೂ ಮೈಗೆ ತಾಕುತ್ತಿಲ್ಲ. ಅಂತ್ಯಕ್ರಿಯೆಯ ಹಿಂದಿನ ದಿನ ಇಲ್ಲಿನ ಪದ್ಧತಿಯಂತೆ ಶವಪೆಟ್ಟಿಗೆ ತೆರೆದಿಟ್ಟಿದ್ದರು. ಜನ ಸಾಲಾಗಿ ಬಂದು ಅವರ ತಂಗಿಯ ಕೈಕುಲುಕಿ ಮುಂದೆ ಹೋಗುತ್ತಿದ್ದರು. ಕೆಲವರು ಪೆಟ್ಟಿಗೆಯೊಳಗಿನ ಅವರ ಕೈ ಮುಟ್ಟುತ್ತಿದ್ದರು. ನಾನೂ ಬಲಗೈ ಚಾಚಿ ಅವರ ಮುಂಗೈ ಮೇಲಿಟ್ಟೆ. ಎದೆಗೆ ಏನೂ ತಿಳಿಯಲಿಲ್ಲ. ಐದೂ ಬೆರಳಿಗೆ ತಣ್ಣಗೆ ತಾಕಿತು.